ಹಳೆಯ ಟ್ರ್ಯಾಕ್ಟರ್, ಕಡಿಮೆ ದುಡ್ಡು: ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು

ನಮ್ಮ ಮನೆಯ ಎಚ್‌ಎಂಟಿ 2511 ಟ್ರ್ಯಾಕ್ಟರ್ ಎರಡು ವರ್ಷ ತೋಟದ ಅಂಚಿನಲ್ಲಿ ಸುಮ್ಮನೆ ನಿಂತಿತ್ತು. ಸೀಟಿನ ಮೇಲೆ ತೆಂಗಿನ ಸೋಗೆ ಬಿದ್ದಿತ್ತು, ಸೈಲೆನ್ಸರಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಗುಜರಿಯವನೊಬ್ಬ ಬಂದು, ಒಂದು ಸುತ್ತು ಹಾಕಿ ನೋಡಿ, ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದ. ಅಪ್ಪ ಏನೂ ಹೇಳದೆ ಎದ್ದು ಒಳಗೆ ಹೋದರು. ಆ ಸಲದ ಕೊಬ್ಬರಿ ಮಾರಿದ 80 ಸಾವಿರ ರೂಪಾಯಿ ನನ್ನ ಬಳಿ ಇತ್ತು. ಅಷ್ಟರಲ್ಲೇ ಇದು ಮತ್ತೆ ಹೊಲಕ್ಕೆ ಇಳಿಯಬೇಕು ಎಂದು ಹಟ ತೊಟ್ಟೆ.

ಇಳಿಯಿತು. ಆದರೆ ಅದು ಮೂಲೆ ಸೇರುವುದಕ್ಕೆ ಮುಂಚೆಯೇ ಒಂದು ತಪ್ಪು ರಿಪೇರಿಗೆ ನಾನು 14 ಸಾವಿರ ಸುರಿದಿದ್ದೆ. ಆ ದುಡ್ಡು ಹೇಗೆ ಹೋಯಿತು ಎಂಬುದನ್ನೂ ಇಲ್ಲಿ ಹೇಳುತ್ತೇನೆ. ಹಳೆಯ ಟ್ರ್ಯಾಕ್ಟರ್ ಎಬ್ಬಿಸುವ ಕೆಲಸದಲ್ಲಿ ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳಿರುತ್ತವೆ. ಯಾವ ದಾರಿ ಎಂದು ತೀರ್ಮಾನಿಸಬೇಕಾದದ್ದು ಅಳತೆ. ನಮ್ಮಲ್ಲಿ ಬಹಳ ಸಲ ಅದನ್ನು ತೀರ್ಮಾನಿಸುವುದು ಮೆಕ್ಯಾನಿಕ್ಕಿನ ಬಿಡುವು ಅಥವಾ ನಮ್ಮ ಅವಸರ.

ಸರಿ ಮಾಡಿಸುವುದೋ, ಬಾಡಿಗೆಗೆ ತರುವುದೋ

ನಿಮ್ಮ ಟ್ರ್ಯಾಕ್ಟರ್ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ಹಳೆಯ ಗಾಡಿಯಲ್ಲಿ ಗಂಟೆಯ ಮೀಟರ್ ಕೆಟ್ಟಿರುತ್ತದೆ, ಆದ್ದರಿಂದ ಡೀಸೆಲ್ ಲೆಕ್ಕವೇ ಗತಿ. 25 ಅಶ್ವಶಕ್ತಿಯ ಗಾಡಿ ಹೊಲದ ಕೆಲಸದಲ್ಲಿ ಗಂಟೆಗೆ ಸುಮಾರು ಮೂರು ಲೀಟರ್ ಕುಡಿಯುತ್ತದೆ ಎಂದುಕೊಂಡರೆ, ವರ್ಷಕ್ಕೆ ಹಾಕಿಸಿದ ಡೀಸೆಲ್ಲನ್ನು ಮೂರರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನೂರು ಗಂಟೆಗಿಂತ ಕಡಿಮೆ ಬಂದರೆ ಬಾಡಿಗೆಯೇ ಲಾಭ ಎಂಬುದು ನನ್ನ ಅಭಿಪ್ರಾಯ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರು, ರೋಟವೇಟರು ಬಾಡಿಗೆಗೆ ಸಿಗುತ್ತವೆ. ತೊಂದರೆ ಒಂದೇ: ಭರಣಿ ಮಳೆ ಬಿದ್ದ ಮಾರನೆಯ ದಿನ ಊರಿಗೆ ಊರೇ ಅದೇ ಗಾಡಿಯನ್ನು ಕೇಳುತ್ತದೆ. ಹದ ಮೂರು ದಿನ ಇರುತ್ತದೆ, ಸರದಿ ಐದನೆಯ ದಿನ ಬರುತ್ತದೆ. ನಮ್ಮದು ತೆಂಗಿನ ಸಾಲಿನ ನಡುವಿನ ಉಳುಮೆ, ನಾಲ್ಕು ಎಕರೆ ರಾಗಿ, ಜೊತೆಗೆ ತಿಪಟೂರಿಗೆ ಟ್ರೇಲರ್ ಓಡಾಟ. ಎಲ್ಲ ಸೇರಿ ಇನ್ನೂರು ಗಂಟೆ ದಾಟುತ್ತಿತ್ತು. ಹಾಗಾಗಿ ಸರಿ ಮಾಡಿಸುವುದೇ ಸರಿ ಎನಿಸಿತು.

ಅದೇ ದುಡ್ಡಿಗೆ ಬೇರೆ ಸೆಕೆಂಡ್ ಹ್ಯಾಂಡ್ ಗಾಡಿ ತರಬಹುದಲ್ಲವೇ ಎಂದು ಹಲವರು ಕೇಳಿದರು. ತರಬಹುದು. ಆದರೆ 80 ಸಾವಿರಕ್ಕೆ ಬರುವ ಗಾಡಿಯೂ ನಮ್ಮದರಷ್ಟೇ ಸವೆದಿರುತ್ತದೆ. ನಮ್ಮದರ ರೋಗ ನಮಗೆ ಗೊತ್ತು, ಅದರದು ಗೊತ್ತಿರುವುದಿಲ್ಲ.

ಯಾವ ಗಾಡಿಯ ಮೇಲೆ ದುಡ್ಡು ಹಾಕಬಹುದು

ಬಿಡಿಭಾಗ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಮ್ಯಾಸಿ 1035 ಇರುವವರು ಅದೃಷ್ಟವಂತರು. ಅದನ್ನು ತಯಾರಿಸುವ ಚೆನ್ನೈನ ಟಾಫೆ ಕಂಪನಿ 1960ರಿಂದ ಇದೆ, ಆ ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್ ಬಿಚ್ಚಲು ಬಾರದ ಮೆಕ್ಯಾನಿಕ್ ನಮ್ಮ ಕಡೆ ಇಲ್ಲವೆಂದೇ ಹೇಳಬಹುದು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಪಿಸ್ಟನ್ ಸೆಟ್ ಸಿಗುತ್ತದೆ. ಹಳೆಯ ಮಹೀಂದ್ರಾಗೂ ಇದೇ ಮಾತು. ಫೋರ್ಡ್ 3600 ಎಂಜಿನ್ ಗಟ್ಟಿಯಾದದ್ದು, ಬಿಡಿಭಾಗ ಸಿಗುತ್ತದೆ, ಆದರೆ ಹುಡುಕಾಟ ಸ್ವಲ್ಪ ಹೆಚ್ಚು.

ಎಚ್‌ಎಂಟಿಯದು ಬೇರೆ ಕಥೆ. ಆ ಹೆಸರು ಕೇಳಿದರೆ ನಮಗೆ ಬೆಂಗಳೂರಿನ ಜಾಲಹಳ್ಳಿ, ಕೈಗಡಿಯಾರ ನೆನಪಾಗುತ್ತದೆ. ಟ್ರ್ಯಾಕ್ಟರ್ ಕಾರ್ಖಾನೆ ಇದ್ದದ್ದು ಹರಿಯಾಣದ ಪಿಂಜೋರ್‌ನಲ್ಲಿ. ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ತಂತ್ರಜ್ಞಾನ ಪಡೆದು 1971ರಲ್ಲಿ 25 ಅಶ್ವಶಕ್ತಿಯ ಗಾಡಿಯಿಂದ ಅಲ್ಲಿ ಕೆಲಸ ಶುರುವಾಯಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಆ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಈಗ ಸಿಗುವುದು ಅಂಗಡಿಗಳಲ್ಲಿ ಉಳಿದ ಹಳೆಯ ದಾಸ್ತಾನು, ಪಂಜಾಬ್ ಗುಜರಾತುಗಳ ಸಣ್ಣ ಕಾರ್ಖಾನೆಗಳ ಮಾಲು, ಗುಜರಿ. ಎಂಜಿನ್ನಿನ ಸಾಮಾನು ಹೇಗೋ ಸಿಕ್ಕುತ್ತದೆ, ಗೇರ್‌ಬಾಕ್ಸಿನ ಹಲ್ಲು ಮುರಿದಿದ್ದರೆ ಕಷ್ಟ. ನಿಂತುಹೋದ ಕಂಪನಿಯ ಗಾಡಿಯಾದರೆ ಮೊದಲು ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಗಟ್ಟಿಯಾಗಿವೆಯೇ ಎಂದು ನೋಡಿ. ಅವು ಗಟ್ಟಿಯಿದ್ದರೆ ಮುಂದುವರಿಯಿರಿ. ಗೇರ್ ತಾನಾಗಿ ಹಾರುತ್ತಿದ್ದರೆ, ಹಿಂದಿನಿಂದ ಕರಕರ ಸದ್ದು ಬರುತ್ತಿದ್ದರೆ, ಎಂಜಿನ್ನಿಗೆ ಒಂದು ರೂಪಾಯಿಯನ್ನೂ ಹಾಕುವ ಮುಂಚೆ ಆ ಸಾಮಾನು ಸಿಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಬಿಚ್ಚುವ ಮುಂಚೆ

ಹೊಗೆ ನೋಡಿ ಎಂಜಿನ್ ಬಿಚ್ಚಿಸುವುದು ನಮ್ಮ ಕಡೆಯ ದೊಡ್ಡ ರೋಗ. ಹೊಗೆಯಲ್ಲಿ ಮೂರು ಬಗೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಸೋರುತ್ತಿರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ಪಿಸ್ಟನ್ ಸುತ್ತಲಿನ ರಿಂಗು, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರು, ಇಲ್ಲವೇ ವಾಲ್ವನ್ನು ಹಿಡಿದಿರುವ ವಾಲ್ವ್ ಗೈಡ್ ಸವೆದಿದೆ. ಬೆಳಗಿನ ಚಳಿಯಲ್ಲಿ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಕಡಿಮೆ ಎಂಬ ಸೂಚನೆ. ಬಿಸಿಯಾದ ಮೇಲೂ ಬಿಳಿಯಾಗಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಕಪ್ಪು ಹೊಗೆಗೆ ಎಂಜಿನ್ ಬಿಚ್ಚಿಸಿ ಸಾವಿರಾರು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಏರ್ ಕ್ಲೀನರ್ ಬಟ್ಟಲಿನ ಕೆಸರಾದ ಎಣ್ಣೆ ಬದಲಿಸಿದ್ದರೆ ಸಾಕಾಗುತ್ತಿತ್ತು.

ಇನ್ನೊಂದು ಪರೀಕ್ಷೆಗೆ ದುಡ್ಡೇ ಬೇಡ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸಣ್ಣಗೆ ಆವಿ ಬಂದರೆ ಸರಿ. ರೈಲಿನಂತೆ ಬುಸುಬುಸು ಎಂದು ಹೊಗೆ ನುಗ್ಗಿದರೆ ರಿಂಗು ಲೈನರು ಸವೆದಿರಬಹುದು. ಆಗ ಕಂಪ್ರೆಶನ್ ಗೇಜ್ ಹಾಕಿಸಿ ಒತ್ತಡ ನೋಡಿ, ಆಮೇಲೆ ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ವಾಲ್ವಿನದು. ವಾಲ್ವ್ ಮಾತ್ರ ಕೆಟ್ಟಿದ್ದರೆ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಇಳಿಸಿ, ವಾಲ್ವ್ ಸರಿಯಾಗಿ ಕೂರುವಂತೆ ಉಜ್ಜುವ ಲ್ಯಾಪಿಂಗ್ ಮಾಡಿದರೆ ಕೆಲಸ ಮುಗಿಯಿತು. ಎಮರಿ ಪೇಸ್ಟ್ ಹಚ್ಚಿ ಉಜ್ಜುವುದನ್ನು ಮನೆಯಲ್ಲೇ ಮಾಡಬಹುದು. ಕೂತಿದೆಯೇ ಎಂದು ನೋಡಲು ಹೆಡ್ಡನ್ನು ಓರೆ ಮಾಡಿ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಕಾಯಿರಿ, ವಾಲ್ವಿನ ಅಂಚಿನಿಂದ ಒಂದು ಹನಿಯೂ ಇಣುಕಬಾರದು.

ಎಂಜಿನ್: ರಿಂಗ್ ಸೆಟ್, ಪೂರ್ತಿ ಕೆಲಸ, ಬೇರೆ ಎಂಜಿನ್

ನಾನು ಮೊದಲು ಮೋಸಹೋದದ್ದು ಇಲ್ಲೇ. ನೀಲಿ ಹೊಗೆ ಬರುತ್ತಿತ್ತು. ಹತ್ತಿರದ ಪೇಟೆಯ ಒಂದು ಗ್ಯಾರೇಜಿನವರು "ಹೊಸ ರಿಂಗ್ ಹಾಕಿದರೆ ಆಯಿತು" ಎಂದರು. ಹಾಕಿದರು, 14 ಸಾವಿರ ಆಯಿತು. ಒಂದು ಹಂಗಾಮು ಓಡಿತು, ಮತ್ತೆ ಅದೇ ಹೊಗೆ, ಜೊತೆಗೆ ಈ ಸಲ ಟಕಟಕ ಸದ್ದು. ಆಗಲೇ ಅದು ತೋಟದ ಅಂಚು ಸೇರಿದ್ದು.

ಎರಡನೆಯ ಸಲ ಹೋದದ್ದು ಲೇತ್ ಇಟ್ಟುಕೊಂಡಿರುವ ಒಬ್ಬ ಹಿರಿಯ ಮೇಸ್ತ್ರಿಯ ಬಳಿ. ಹೆಡ್ ಇಳಿಸಿ, ಲೈನರನ್ನು ಬಟ್ಟೆಯಲ್ಲಿ ಒರೆಸಿ, "ಇಲ್ಲಿ ಉಗುರು ಹಾಕಿ ನೋಡಪ್ಪ" ಎಂದರು. ಮೇಲಿನ ಅಂಚಿನಿಂದ ಬೆರಳಗಲ ಕೆಳಗೆ ಉಗುರು ಟಕ್ಕನೆ ತಡೆಯಿತು. ಅಲ್ಲೊಂದು ಮೆಟ್ಟಿಲು. ರಿಂಗು ಓಡಾಡುವ ಜಾಗವೆಲ್ಲ ಸವೆದು ಹಿಗ್ಗಿತ್ತು, ರಿಂಗು ಮುಟ್ಟದ ಮೇಲಿನ ಪಟ್ಟಿ ಮಾತ್ರ ಹಳೆಯ ಅಳತೆಯಲ್ಲೇ ಉಳಿದಿತ್ತು. ಹೊಸ ರಿಂಗಿನ ಚೂಪು ಅಂಚು ಪ್ರತಿ ಸುತ್ತಿನಲ್ಲೂ ಹೋಗಿ ಆ ಮೆಟ್ಟಿಲಿಗೆ ಬಡಿಯುತ್ತಿತ್ತು. ಪಿಸ್ಟನ್ ಹೊರಗೆ ಬಂದಾಗ ಮೇಲಿನ ರಿಂಗು ಎರಡು ತುಂಡಾಗಿತ್ತು. ಮೇಸ್ತ್ರಿ ಆ ತುಂಡುಗಳನ್ನು ನನ್ನ ಅಂಗೈ ಮೇಲಿಟ್ಟರು. ಅದರ ಹೊಳಪು ಇನ್ನೂ ಮಾಸಿರಲಿಲ್ಲ.

ಆದ್ದರಿಂದ ರಿಂಗ್ ಮಾತ್ರ ಹಾಕುವ ಅಗ್ಗದ ದಾರಿ ಒಂದೇ ಸಂದರ್ಭಕ್ಕೆ ಸರಿ: ಲೈನರಿನಲ್ಲಿ ಮೆಟ್ಟಿಲಿಲ್ಲದೆ, ಒಳ ಅಗಲ ನೋಡುವ ಬೋರ್ ಗೇಜಿನ ಅಳತೆ ಮೇಲೆ ಕೆಳಗೆ ಹೆಚ್ಚು ಕಡಿಮೆ ಒಂದೇ ಬಂದು, ರಿಂಗು ಮಾತ್ರ ಅಂಟಿಕೊಂಡಿದ್ದಾಗ. ಬಹುಕಾಲ ನಿಂತ ಗಾಡಿಯಲ್ಲಿ ಹೀಗಾಗುವುದುಂಟು. ಆಗ ಲೈನರಿನ ಒಳಮೈಯನ್ನು ಸಣ್ಣಗೆ ಉಜ್ಜುವ ಹೋನಿಂಗ್ ಮಾಡಿಸಿ ರಿಂಗ್ ಹಾಕಿ. ಉಗುರು ತಡೆದರೆ ಆ ದಾರಿ ಬೇಡ.

ಎರಡನೆಯ ದಾರಿ ಲೈನರು, ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಬದಲಿಸುವುದು. ನಿಮ್ಮ ಎಂಜಿನ್ನಿನ ಲೈನರು ಯಾವ ಬಗೆಯದು ಎಂದು ಮೊದಲೇ ಕೇಳಿ ತಿಳಿಯಿರಿ. ನಮ್ಮದರಂತೆ ಲೈನರಿನ ಸುತ್ತ ನೇರವಾಗಿ ನೀರು ಓಡುವ ಬಗೆಯಾದರೆ ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಆಯಿತು, ಒಳಗೆ ಕೊರೆದು ಅಳತೆಗೆ ತರುವ ಬೋರಿಂಗ್ ಖರ್ಚಿಲ್ಲ. ಆದರೆ ಕೆಳಗಿನ ರಬ್ಬರ್ ರಿಂಗುಗಳು ಸುರುಳಿಯಾಗದಂತೆ ಸೋಪು ನೀರು ಹಚ್ಚಿ ಕೂರಿಸಬೇಕು. ಅಲ್ಲಿ ಸೋರಿದರೆ ನೀರು ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಇಳಿದು ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಕೂರಿಸಿದ ಮೇಲೆ ನೀರು ತುಂಬಿ ಒಂದು ರಾತ್ರಿ ಹಾಗೇ ಬಿಟ್ಟು, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಮುಂದಿನ ಕೆಲಸ. ಒಣ ಲೈನರ್ ಅಥವಾ ಸ್ಲೀವ್ ಇರುವ ಎಂಜಿನ್ನಾದರೆ ಅದನ್ನು ಒತ್ತಿ ಕೂರಿಸಿ ಬೋರಿಂಗ್ ಮಾಡಿಸಬೇಕಾದೀತು, ಲೇತಿನವರ ಕೈ ಚೆನ್ನಾಗಿರಬೇಕು.

ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ವಿಷಯದಲ್ಲಿ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಸವೆದ ಕ್ರ್ಯಾಂಕನ್ನು ಹತ್ತು, ಇಪ್ಪತ್ತು, ಮೂವತ್ತು ಸೈಜಿಗೆ, ಅಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ ಕಡಿಮೆಯಾಗುವಂತೆ ಗ್ರೈಂಡ್ ಮಾಡಿ ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಹಾಕುತ್ತಾರೆ. ಬೇರಿಂಗ್ ಕೈಗೆ ಬಂದ ಮೇಲಷ್ಟೇ ಗ್ರೈಂಡಿಂಗಿಗೆ ಕೊಡಿ. ಮೊದಲೇ ಇಪ್ಪತ್ತಕ್ಕೆ ಇಳಿಸಿ, ಆಮೇಲೆ ಇಪ್ಪತ್ತರ ಬೇರಿಂಗ್ ಎಲ್ಲೂ ಸಿಗದೆ ಮೂವತ್ತಕ್ಕೆ ಇಳಿಸಿದರೆ ಕ್ರ್ಯಾಂಕಿನ ಒಂದು ಆಯಸ್ಸು ಸುಮ್ಮನೆ ಹೋದಂತೆ. ಕಂಪನಿ ನಿಂತುಹೋದ ಗಾಡಿಗೆ ಇದು ಇನ್ನೂ ಮುಖ್ಯ.

ಮೂರನೆಯ ದಾರಿ ಗುಜರಿಯಿಂದ ಇಡೀ ಎಂಜಿನ್ ತಂದು ಕೂರಿಸುವುದು. ಬೇಗ ಆಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಲಾರಿಗಿರುವಂತೆ ಟ್ರ್ಯಾಕ್ಟರಿಗೆ ಕೆಳಗೆ ಚಾಸಿ ಇರುವುದಿಲ್ಲ, ಬಹುಪಾಲು ಗಾಡಿಗಳಲ್ಲಿ ಎಂಜಿನ್ ಬ್ಲಾಕೇ ಗಾಡಿಯ ಬೆನ್ನುಮೂಳೆ. ಅದೇ ಮಾದರಿಯ ಎಂಜಿನ್ ಸಿಕ್ಕಿದರೆ ಸರಿ, ಬೇರೆ ಮಾದರಿಯದಾದರೆ ನಡುವೆ ಪ್ಲೇಟ್ ಮಾಡಿಸಿ ಹೊಂದಿಸಬೇಕು, ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ ಶಾಫ್ಟ್ ಸವೆದುಹೋಗುತ್ತದೆ. ಮೇಲಾಗಿ ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಬಿಲ್ ಇಲ್ಲದ ಎಂಜಿನ್ ತಂದರೆ ಅಲ್ಲಿ ಉತ್ತರ ಇರುವುದಿಲ್ಲ. ಬ್ಲಾಕೇ ಒಡೆದಿದ್ದರೆ ಮಾತ್ರ ಈ ದಾರಿ.

ನಾನು ಎರಡನೆಯದನ್ನು ಹಿಡಿದೆ. ಎರಡೇ ಸಿಲಿಂಡರ್ ಆದ್ದರಿಂದ ಸಾಮಾನು, ಗ್ರೈಂಡಿಂಗ್, ಕೂಲಿ, ಆಯಿಲ್ ಸೇರಿ 38 ಸಾವಿರದಲ್ಲಿ ಮುಗಿಯಿತು. ಮೂರು, ನಾಲ್ಕು ಸಿಲಿಂಡರಿನವರು ಅದಕ್ಕೆ ತಕ್ಕಂತೆ ಹೆಚ್ಚು ಇಟ್ಟುಕೊಳ್ಳಬೇಕು.

ಹೊಸ ಲೈನರನ್ನು ಕೊಲ್ಲುವುದು ಧೂಳು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಒಡೆದಿದೆಯೇ ಎಂದು ಬಗ್ಗಿಸಿ ನೋಡಿ. ನಮ್ಮದರಲ್ಲಿ ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಎರಡು ಬೆರಳಗಲ ಸೀಳಿತ್ತು. ಇಷ್ಟು ವರ್ಷ ರಾಗಿ ಹೊಲದ ಕೆಮ್ಮಣ್ಣು ಆ ಸೀಳಿನಿಂದಲೇ ಒಳಗೆ ಹೋಗಿ ಲೈನರನ್ನು ಅರೆದಿತ್ತು. ಕೆಲವೇ ನೂರು ರೂಪಾಯಿಯ ಹೋಸ್ ಅದು. ನೀರಿನ ವಿಷಯವೂ ಹಾಗೆಯೇ: ಕೊಳವೆಬಾವಿಯ ಗಡಸು ನೀರು ತುಂಬಿ ತುಂಬಿ ರೇಡಿಯೇಟರಿನ ಕೊಳವೆಗಳು ಸುಣ್ಣ ಕಟ್ಟಿದ್ದವು. ಈಗ ಕೂಲಂಟ್ ಹಾಕುತ್ತೇವೆ, ಮೇಲೆ ತುಂಬಲು ಮಳೆನೀರು ಹಿಡಿದಿಡುತ್ತೇವೆ.

ಡೀಸೆಲ್ ಪಂಪು, ನಾಜಲ್

ನಮ್ಮ ಕಡೆ ಇವತ್ತಿಗೂ ಇದು ಮೈಕೋ ಪಂಪು. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಹಳ್ಳಿಯ ಮಾತಿನಲ್ಲಿ ಮಾತ್ರ ಮೈಕೋ ಉಳಿದಿದೆ. ದಾರಿ ಎರಡು: ನಾಜಲ್ ಮಾತ್ರ ನೋಡಿಸುವುದು, ಅಥವಾ ಪಂಪನ್ನೂ ಇಳಿಸಿ, ಅದು ಬಿಡುವ ಡೀಸೆಲ್ಲಿನ ಅಳತೆ ಸರಿಪಡಿಸುವ ಕ್ಯಾಲಿಬ್ರೇಶನ್ ಮಾಡಿಸುವುದು.

ಮೊದಲು ನಾಜಲ್. ಡೀಸೆಲ್ ಪಂಪ್ ಅಂಗಡಿಯಲ್ಲಿ ಅದನ್ನು ಕೈಯಿಂದ ಒತ್ತುವ ಟೆಸ್ಟರಿಗೆ ಸಿಕ್ಕಿಸುತ್ತಾರೆ. ಅವತ್ತು ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲನೆಯ ನಾಜಲಿನಿಂದ ಕರ್ ಕರ್ ಸದ್ದಿನೊಂದಿಗೆ ಮಂಜಿನಂತೆ ತೆಳುವಾಗಿ ಹರಡಿತು. ಎರಡನೆಯದರಿಂದ ಸದ್ದೇ ಇಲ್ಲ, ಮಗುವಿನ ಜೊಲ್ಲಿನಂತೆ ಹನಿ ಜಿನುಗಿ ತುದಿಯಲ್ಲಿ ತೂಗಿತು. ಆ ಸಿಲಿಂಡರಿನ ಪಿಸ್ಟನ್ ತಲೆಯೇ ಸುಟ್ಟು ಕರಕಲಾಗಿತ್ತು ಎಂಬುದು ಆಗ ನೆನಪಾಯಿತು. ಆ ತುಂತುರಿಗೆ ಕೈ ಒಡ್ಡಬೇಡಿ: ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ನಾಜಲ್ ಸರಿ ಮಾಡಿಸಿ ಫಿಲ್ಟರ್ ಬದಲಿಸಿದ ಮೇಲೂ ಎಳೆತ ಇಲ್ಲದಿದ್ದರೆ ಮಾತ್ರ ಪಂಪಿಗೆ ಕೈ ಹಾಕಿ. ಹೊಸ ಪಂಪು ಕೊಳ್ಳುವ ಮಾತು ಸಣ್ಣ ಬಜೆಟ್ಟಿಗೆ ಬೇಡ. ಸೀಲ್ ಒಡೆದು ಸ್ಕ್ರೂ ತಿರುಗಿಸಿ "ಪಿಕಪ್ ಹೆಚ್ಚಿಸುವ" ಕೆಲಸವೂ ಬೇಡ: ಅದು ಹೆಚ್ಚಿಸುವುದು ಕಪ್ಪು ಹೊಗೆಯನ್ನು, ಡೀಸೆಲ್ ಖರ್ಚನ್ನು. ಎರಡು ನಾಜಲಿನ ತುದಿ, ಪಂಪಿನ ಸರ್ವಿಸ್ ಸೇರಿ ನನಗೆ 9 ಸಾವಿರ ಆಯಿತು.

ಬಿಡಿಭಾಗ: ಕಂಪನಿಯದು, ಲೋಕಲ್, ಗುಜರಿ

ಇದಕ್ಕೆ ನಾನು ಮಾಡಿಕೊಂಡ ಲೆಕ್ಕ ಸರಳ. ಆ ಭಾಗ ಮುರಿದರೆ ಬೇರೇನು ಹಾಳಾಗುತ್ತದೆ? ಬೇರಿಂಗು, ರಿಂಗು, ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬ್ರೇಕ್ ಲೈನಿಂಗ್, ಸ್ಟಿಯರಿಂಗಿನ ಬಾಲ್ ಜಾಯಿಂಟ್: ಇವುಗಳಲ್ಲಿ ಅಗ್ಗಕ್ಕೆ ಹೋಗಬೇಡಿ, ಕಂಪನಿಯದು ಇಲ್ಲದಿದ್ದರೆ ಹೆಸರುವಾಸಿ ಬ್ರ್ಯಾಂಡಿನದು ಹಾಕಿ. ಮಡ್‌ಗಾರ್ಡ್, ದೀಪ, ಸೀಟು, ಸೈಲೆನ್ಸರ್ ಲೋಕಲ್ ಇದ್ದರೂ ನಷ್ಟವಿಲ್ಲ. ಗುಜರಿಗೆ ಹೊಂದುವುದು ಎರಕದ ದೊಡ್ಡ ಭಾಗಗಳು: ಹೌಸಿಂಗು, ರಿಮ್ಮು, ಮುಂದಿನ ಆಕ್ಸಲ್ ಬೀಮು, ಸ್ಟಿಯರಿಂಗ್ ಚಕ್ರ. ಇವು ಸವೆಯುವುದಕ್ಕಿಂತ ಒಡೆಯುವುದು ಹೆಚ್ಚು, ಬಿರುಕು ಇದೆಯೇ ಎಂದು ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ನಾನು ಒಂದಿಡೀ ದಿನ ಅಲೆದಿದ್ದೇನೆ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಿಮಾತಿನಲ್ಲಿ ಹೇಳಿ ತಂದದ್ದು ಹೊಂದದೆ ವಾಪಸು ಓಡಾಡಿದರೆ ಬಸ್ ಚಾರ್ಜಿನಲ್ಲೇ ಉಳಿತಾಯ ಕರಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಹಿಂದಿನ ಟೈರು, ಟ್ಯೂಬು, ಹೈಡ್ರಾಲಿಕ್ ಪಂಪು, ಕ್ಲಚ್, ರೇಡಿಯೇಟರ್ ಮುಂತಾದ ಟ್ರ್ಯಾಕ್ಟರ್ ಭಾಗಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ ಕೇಳಿ ಪಡೆಯಿರಿ, ಹಳೆಯ ದರ ಹಾಕಿದ್ದರೆ ಗೊತ್ತಾಗುತ್ತದೆ.

ಬ್ರೇಕು, ಲಿಫ್ಟು, ಟೈರು

ಬ್ರೇಕಿನಲ್ಲಿ ಆಯ್ಕೆಯ ಮಾತೇ ಇಲ್ಲ. ಟ್ರೇಲರ್ ಕಟ್ಟಿ ರಸ್ತೆಗೆ ಇಳಿಯುವ ಗಾಡಿಯಾದರೆ ಎಂಜಿನ್ನಿಗಿಂತ ಮೊದಲು ಬ್ರೇಕು. ಹಿಂದಿನ ಆಕ್ಸಲಿನ ಸೀಲ್ ಸೋರಿ ಲೈನಿಂಗ್ ಎಣ್ಣೆಯಾಗಿದ್ದರೆ, ಸೀಲ್ ಬದಲಿಸದೆ ಲೈನಿಂಗ್ ಮಾತ್ರ ಹಾಕಿಸಿದರೆ ಆ ದುಡ್ಡು ದಂಡ.

ಹಿಂದೆ ಕಟ್ಟಿದ ಉಪಕರಣ ಎತ್ತುವ ಲಿಫ್ಟ್ ಏಳುತ್ತಿಲ್ಲ ಎಂದ ಕೂಡಲೇ ಹೈಡ್ರಾಲಿಕ್ ಪಂಪು ಬದಲಿಸುವವರಿದ್ದಾರೆ. ಮೊದಲು ಎಣ್ಣೆ ಬದಲಿಸಿ, ಅದನ್ನು ಸೋಸುವ ಸ್ಟ್ರೈನರ್ ತೊಳೆಯಿರಿ. ಆಮೇಲೆ ಕಲ್ಟಿವೇಟರ್ ಎತ್ತಿ ಎಂಜಿನ್ ನಿಲ್ಲಿಸಿ ನೋಡಿ. ಎತ್ತಿದ್ದು ಸರಸರನೆ ಇಳಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು. ತಣ್ಣಗಿದ್ದಾಗ ಎತ್ತಿ ಬಿಸಿಯಾದ ಮೇಲೆ ಎತ್ತದಿದ್ದರೆ ಪಂಪು ಸವೆದಿದೆ. ಎತ್ತಿದ ಕಲ್ಟಿವೇಟರಿನ ಕೆಳಗೆ ಮಾತ್ರ ಯಾವತ್ತೂ ನುಗ್ಗಬೇಡಿ.

ಟೈರಿನ ಹೋಲಿಕೆ ಚಿಕ್ಕದು. ಹಿಂದಿನ ಟೈರಿನ ಪಕ್ಕದ ಗೋಡೆಯಲ್ಲಿ ಬಿರುಕಿಲ್ಲದಿದ್ದರೆ ಮೇಲೆ ಹೊಸ ರಬ್ಬರ್ ಅಂಟಿಸುವ ರೀಟ್ರೆಡ್ ಮಾಡಿಸಬಹುದು, ಒಣ ಹೊಲಕ್ಕೆ ಅದು ಧಾರಾಳ ಸಾಕು. ನೂಲು ಕಾಣುತ್ತಿದ್ದರೆ ಬೇಡ. ಮುಂದಿನದಕ್ಕೆ ಮಾತ್ರ ಹೊಸದೇ ಬೇಕು, ಸ್ಟಿಯರಿಂಗ್ ಅದರ ಮೇಲಿದೆ. ನಾನು ಮುಂದಿನ ಎರಡನ್ನು ಹೊಸದು ಹಾಕಿಸಿ, ಹಿಂದಿನದನ್ನು ಮುಂದಿನ ವರ್ಷದ ಕೊಬ್ಬರಿಗೆ ಬಿಟ್ಟಿದ್ದೇನೆ.

ಕಾಗದ ಪತ್ರವನ್ನೂ ಈ 80 ಸಾವಿರದೊಳಗೇ ಸೇರಿಸಿಕೊಳ್ಳಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಕಡ್ಡಾಯ. ಟ್ರೇಲರ್ ಓಡಿಸುವವರು ಇದನ್ನು ಮುಂದೂಡಬಾರದು.

ಬಣ್ಣಕ್ಕೆ ಕೊನೆಗೆ ಉಳಿದದ್ದು 600 ರೂಪಾಯಿ. ತುಕ್ಕು ಹಿಡಿದ ಕಡೆ ಮಾತ್ರ ಉಜ್ಜಿ ಒಂದು ಡಬ್ಬಿ ರೆಡ್ ಆಕ್ಸೈಡ್ ಬಳಿದೆ. ಬಾನೆಟ್ಟಿನ ಮೇಲೆ ಗಾಡಿ ತಂದ ವರ್ಷ ಅಪ್ಪ ಬರೆಸಿದ್ದ ಮನೆದೇವರ ಹೆಸರಿದೆ, ಅರ್ಧ ಅಕ್ಷರ ಮಾಸಿದೆ. ಅಪ್ಪ ಪಕ್ಕದಲ್ಲಿ ನಿಂತು "ಅದನ್ನು ಬಿಟ್ಟು ಬಳಿ" ಎಂದರು. ಅದರ ಸುತ್ತ ಬ್ರಷ್ಷು ತಿರುಗಿಸಿ ಬಳಿದು ಮುಗಿಸುವಷ್ಟರಲ್ಲಿ ಅವರು ಸೀಟಿನ ಮೇಲೆ ಹತ್ತಿ ಕೂತಿದ್ದರು.